ಗೋಡೆಗೊರಗಿಸಿದ ಏಣಿ

ಪೇಂಟಿಂಗ್ ಕಂಟ್ರಾಕ್ಟರ್ ಸುರೇಂದ್ರನ ಏಣಿ ನಮ್ಮ ಮನೆಯ ಗೋಡೆಗೆ ಒರಗಿ ಹನ್ನೊಂದು ದಿನವಾಗಿತ್ತು. ಮುಂಭಾಗದ ಗೋಡೆಗೆ ಒಂದು ಕೋಟ್ ಹೊಡೆದು, ಏಣಿ ಮತ್ತು ಬಕೆಟ್ಟು ಬಿಟ್ಟು, "ನಾಳೆ ಬತ್ತೀನಿ" ಎಂದು ಹೋದವನ ಸುಳಿವೇ ಇರಲಿಲ್ಲ. ಹನ್ನೆರಡನೆಯ ದಿನ ನಾನು ತೊಣ್ಣೂರಿನಿಂದ ಬಸ್ಸು ಹತ್ತಿ ಪಾಂಡವಪುರಕ್ಕೆ ಹೋದೆ, ಜಗಳವಾಡಲೆಂದೇ.

ಅವನ ಅಂಗಡಿಯೆಂದರೆ ಬಣ್ಣದ ಡಬ್ಬಗಳ ನಡುವೆ ಒಂದು ಟೇಬಲ್ಲು, ಎರಡು ಕುರ್ಚಿ, ಸುಮ್ಮನಿರಲಾರದ ಒಂದು ಫೋನು. ಅವನ ಬಲಗಿವಿಯ ಮೇಲೆ ಹಳದಿ ಬಣ್ಣದ ಹನಿಯೊಂದು ಒಣಗಿತ್ತು. ಬೈಯಲು ಬಂದವಳ ಕಣ್ಣು ಅಲ್ಲೇ ನಿಂತುಬಿಟ್ಟಿತು.

"ನಿಮ್ ಏಣಿ ಎತ್ಕೊಂಡೋಗಿ. ನಾವು ಬ್ಯಾರೆಯೋರಿಗೆ ಯೋಳ್ಕತೀವಿ," ಎಂದೆ.

"ಅಂಗನ್ಬ್ಯಾಡಿ. ಕುಂತ್ಕಳಿ, ಟೀ ಕುಡೀರಿ. ಕ್ವಾಪ ಎಲ್ಲೂ ಓಗಕಿಲ್ಲ, ಟೀ ಆರೋಯ್ತದೆ."

ನಗಬಾರದೆಂದುಕೊಂಡೇ ನಕ್ಕೆ. ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಅವನು ಅದರತ್ತ ನೋಡಿ ಮುಖ ತಿರುಗಿಸಿದ. ತಡೆಯಲಾರದೆ ನಾನೇ ಎತ್ತಿದೆ. ಹೊಣಕೆರೆಯ ಹೆಂಗಸೊಬ್ಬಳು ನನ್ನ ಹಾಗೆಯೇ ಉರಿಯುತ್ತಿದ್ದಳು. ನಾನು ಹುಬ್ಬೇರಿಸಿದೆ. ಅವನು ಸದ್ದಿಲ್ಲದೆ "ಗುರುವಾರ" ಎಂದು ತುಟಿಯಾಡಿಸಿದ.

"ಗೋಡೆಗೆ ಮೆತ್ತಿರೋ ಪುಟ್ಟಿ ಒಣಗ್ದೆ ಬಣ್ಣ ಹೊಡುದ್ರೆ ಪೊರೆ ಏಳ್ತದೆ ಕಣಮ್ಮ. ಗುರುವಾರ ಬತ್ತಾರೆ. ಅದ್ಕ್ ಮುಂಚೆ ಬರಕಿಲ್ಲ, ಕಾಯ್ಬ್ಯಾಡಿ," ಎಂದೆ.

"ಇದ್ನೇ ಮದ್ಲೇ ನೆಟ್ಟಗೆ ಯೋಳಿದ್ರೆ ಸಾಕಾಗಿತ್ತಲ್ಲವ್ವ," ಎಂದು ಆಕೆ ಫೋನಿಟ್ಟಳು.

ಸುರೇಂದ್ರ ನನ್ನನ್ನೇ ನೋಡುತ್ತಿದ್ದ. ಮುಂದಿನ ವಾರವೇ ನಾನು ಅಲ್ಲಿ ಕೆಲಸಕ್ಕೆ ಸೇರಿ ಆ ಟೇಬಲ್ಲಿನ ಹಿಂದೆ ಕೂತಿದ್ದೆ.

ಏಣಿಯ ಗುಟ್ಟನ್ನು ಹೇಳಿದವನು ಹಳೆಯ ಪೇಂಟರ್ ಕೆಂಪಣ್ಣ. "ಏಣಿ ಒರಗ್ಸ್ಬುಟ್ರೆ ಮನೆಯೋರು ಇನ್ನೊಬ್ಬನ್ನ ಕರ್ಯಕಿಲ್ಲ ಕಣವ್ವ. ಕೆಲ್ಸ ಸುರುವಾಗದೆ ಅಂತ ಕಾಯ್ತಾ ಕುಂತಿರ್ತಾರೆ." ನಾಗಮಂಗಲದಿಂದ ಶ್ರೀರಂಗಪಟ್ಟಣದವರೆಗೆ, ನಮ್ಮ ಮನೆಯದೂ ಸೇರಿ, ಆರು ಏಣಿಗಳು ಆರು ಮನೆಗಳ ಬಾಯಿ ಮುಚ್ಚಿಸುತ್ತ ನಿಂತಿದ್ದವು.

ಆರನ್ನೂ ವಾಪಸು ತರಿಸಿದೆ. ಗೋಡೆಗೆ ದೊಡ್ಡ ಕ್ಯಾಲೆಂಡರ್ ಹಾಕಿ, ಪುಟ್ಟಿ ಒಣಗಲು ಇಷ್ಟು ದಿನ, ಪ್ರೈಮರ್‌ಗೆ ಇಷ್ಟು, ಮಳೆ ಬಂದರೆ ಇರಲೆಂದು ಒಂದು ದಿನ ಎಂದು ಮನೆಮನೆಗೂ ಚೌಕ ಗುರುತು ಹಾಕಿದೆ. ಹಿಂದಿನ ದಿನವೇ ಫೋನ್ ಮಾಡಿ ತಿಳಿಸುವುದು, ಆಗದಿದ್ದರೆ ಆಗುವುದಿಲ್ಲವೆನ್ನುವುದು. ಜನ ಬೈಯುವುದು ಕಡಿಮೆಯಾಯಿತು. ನಮ್ಮ ಮನೆಯ ಎರಡನೆಯ ಕೋಟನ್ನು ಮಾತ್ರ, ನಮ್ಮದು ತಾನೇ ಎಂದು ನಾನೇ ಹಿಂದಕ್ಕೆ ತಳ್ಳುತ್ತ ಬಂದೆ. ಬುದ್ಧಿ ಕೆಟ್ಟಿತ್ತು ನನಗೆ.

ಒಂದು ಸಂಜೆ ಅವನು ಬಣ್ಣದ ಶೇಡ್ ಕಾರ್ಡನ್ನು ನನ್ನ ಮುಂದೆ ಬಿಡಿಸಿದ.

"ಯಾವುದ್ ಇಷ್ಟ?"

"ಯಾವೂರ್ ಮನೆಗೆ?"

"ನಮ್ಮನೆ ರೂಮಿಗೆ. ಅಲ್ಲಿ ಇರೋಳು ನೀನಲ್ವಾ? ನೀನೇ ಯೋಳು."

ಕ್ಯಾಲೆಂಡರಿನತ್ತ ತಿರುಗಿ, ಇಲ್ಲದ ಕೆಲಸವನ್ನು ಹುಡುಕಿದೆ. ಬೆನ್ನಿಗೆ ಅವನ ನಗು ತಾಗುತ್ತಿತ್ತು. "ಕನಕಾಂಬ್ರದ್ದು," ಎಂದೆ ಕೊನೆಗೆ. ಅಷ್ಟು ಸುಖ ಆಮೇಲೆ ನಾನು ಕಂಡಿಲ್ಲ.

ಒಂದೇ ಜಾತಿ. ಎರಡೂ ಮರಗೆಲಸದ ಮನೆತನ. ಅಡ್ಡ ಬರುವವರು ಯಾರೂ ಇರಲಿಲ್ಲ. ಅವನು ಬಂದು ಅಪ್ಪನನ್ನು ಒಂದು ಮಾತು ಕೇಳಿದ್ದರೆ ಮುಗಿದಿತ್ತು. ಆಷಾಢ ಕಳೆಯಲಿ ಎಂದ. ಗೌರಿಹಬ್ಬದ ಕೆಲಸ ಮುಗಿಯಲಿ ಎಂದ. ಆಮೇಲೆ ದಸರಾ ಬಂತು. ಗಿರಾಕಿಗಳಿಗೆ ಹೇಳುತ್ತಿದ್ದ ಅದೇ ಇಂಪಾದ ದನಿಯಲ್ಲಿ ನನಗೂ ಹೇಳುತ್ತಿದ್ದ. ಆ ದನಿ ನನಗೆ ಗೊತ್ತಿರಲಿಲ್ಲವೇ? ಗೊತ್ತಿದ್ದೂ ಕಿವಿ ಕೊಟ್ಟೆ.

ಅಷ್ಟರಲ್ಲಿ ಕೆ.ಆರ್. ಪೇಟೆಯ ಕಡೆಯಿಂದ ಒಂದು ಸಂಬಂಧ ಬಂತು. ಅಪ್ಪ ನನ್ನನ್ನು ಕೂರಿಸಿಕೊಂಡು ಹೇಳಿದ: "ನಿನ್ ಮನ್ಸು ನಂಗೊತ್ತು ಸ್ಪಂದನ. ಮೂರ್ ವಾರ ಟೈಮ್ ಕೇಳಿವ್ನಿ. ಮೂರ್ನೇ ಭಾನ್ವಾರ ಅವ್ನು ಬಂದು ಕೇಳ್ಲಿ. ಬರ್ನಿಲ್ಲ ಅಂದ್ರೆ ಪ್ಯಾಟೆಯೋರ್ಗೆ ಹೂಂ ಅಂತೀನಿ."

ಸುರೇಂದ್ರನಿಗೆ ಇದ್ದುದನ್ನು ಇದ್ದ ಹಾಗೆ ಹೇಳಿದೆ. "ಬತ್ತೀನಿ ಬುಡು," ಎಂದು ನನ್ನ ಕೈ ಹಿಡಿದ. ಕ್ಯಾಲೆಂಡರಿನಲ್ಲಿ ಆ ಭಾನುವಾರದ ಚೌಕವನ್ನು ಖಾಲಿ ಬಿಟ್ಟೆ. ಎಷ್ಟು ಜನ ಗೋಗರೆದರೂ ಕೊಡಲಿಲ್ಲ.

ಭಾನುವಾರ ಅವ್ವ ಕಜ್ಜಾಯ ಮಾಡಿದ್ದಳು. ನಾನು ಮೂರು ಸೀರೆ ಬದಲಾಯಿಸಿ ಮೊದಲನೆಯದನ್ನೇ ಉಟ್ಟಿದ್ದೆ. ಹನ್ನೊಂದು ಗಂಟೆಗೆ ಮನೆ ಮುಂದೆ ಗೂಡ್ಸ್ ಆಟೋ ನಿಂತಿತು. ಇಳಿದವನು ಕೆಂಪಣ್ಣ. ಆಟೋದಿಂದ ಏಣಿ ಇಳಿಸಿ ನಮ್ಮ ಗೋಡೆಗೆ ಒರಗಿಸಿದ. ಬಕೆಟ್ಟನ್ನು ಅದರ ಬುಡದಲ್ಲಿಟ್ಟ.

"ಸುರೇಂದ್ರ ಬಿಂಡಿಗನವಿಲೆಗೆ ಓದ ಕಣವ್ವ. 'ಏಣಿ ಇಟ್ಬುಟ್ ಬಾ, ನಾಳೆ ನಾನೇ ಬಂದು ಎಲ್ಡ್ನೇ ಕೋಟ್ ಹೊಡೀತೀನಿ, ಮಾತೂ ಆಡ್ತೀನಿ' ಅಂದ." ಮುದುಕ ನನ್ನ ಮುಖ ನೋಡಲಿಲ್ಲ. ಕಜ್ಜಾಯವನ್ನೂ ಮುಟ್ಟದೆ ಹೋದ.

ನಾನು ಫೋನ್ ಮಾಡಲಿಲ್ಲ. ಸೋಮವಾರವೂ ಅವನು ಬರಲಿಲ್ಲ. ಸಂಜೆ ಅಪ್ಪ "ಏನವ್ವ?" ಎಂದು ಕೇಳಿದ. ಹೊರಗೆ ಏಣಿ ಕಾಣುತ್ತಿತ್ತು. ಹೂಂ ಎಂದೆ. ಅಪ್ಪ ಅಂದೇ ರಾತ್ರಿ ಪೇಟೆಯವರಿಗೆ ಫೋನ್ ಮಾಡಿದ.

ಮಂಗಳವಾರ ಬೆಳಿಗ್ಗೆ ಸುರೇಂದ್ರ ಬಂದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಹಣ್ಣು, ಹೂವು. ಕಿವಿಯ ಮೇಲೆ ಈ ಸಲ ನೀಲಿ ಹನಿ. ಉಜ್ಜಿ ತೆಗೆಯಲು ನನ್ನ ಕೈ ಇನ್ನೂ ಹಾತೊರೆಯಿತು, ಹಾಳು ಕೈ.

"ಬಿಂಡಿಗನವಿಲೆ ಮರಿಯಯ್ಯನೋರ ಮನೆ ಗೃಹಪ್ರವೇಶ ಕಣಮ್ಮಿ. ಬೋ ಕೂಗಾಡ್ಬುಟ್ರು. ಭಾನ್ವಾರದ್ದು ಖಾಲಿ ಇತ್ತಲ್ಲ, ಅವ್ರಿಗೆ ಕೊಟ್ಬುಟ್ಟೆ. ನೀನು ನಮ್ಮೋಳು, ಕಾಯ್ತೀಯ ಅನ್ಕಂಡೆ."

"ನಾನೂ ಕೂಗಾಡ್ಬೇಕಿತ್ತು."

"ಎಲ್ಡೇ ದಿನ ಅಲ್ವಾ ತಡವಾಗಿದ್ದು?"

"ಬ್ಯಾರೆಯೋರಿಗೆ ಯೋಳಾಯ್ತು, ಸುರೇಂದ್ರ."

ಗಿರಾಕಿಗಳ ಬಾಯಲ್ಲಿ ನೂರು ಸಲ ಕೇಳಿದ ಮಾತು ಅವನಿಗೆ ಅರ್ಥವಾಗಲು ತುಸು ಹೊತ್ತು ಹಿಡಿಯಿತು. ಅರ್ಥವಾದಾಗ ಹಣ್ಣಿನ ಚೀಲವನ್ನು ಜಗಲಿಯ ಮೇಲಿಟ್ಟ. ಅವನ ಕಣ್ಣು ತುಂಬಿತ್ತು. ನನ್ನನ್ನು ಪ್ರೀತಿಸಿರಲಿಲ್ಲ ಎಂದು ಹೇಳಲಾರೆ. ಪ್ರೀತಿಸಿದ್ದ, ಎಲ್ಲರ ಕೆಲಸ ಮುಗಿದ ಮೇಲೆ.

ಏಣಿಯನ್ನು ಹೆಗಲಿಗೇರಿಸಿಕೊಂಡು, ಗೇಟಿನ ಹತ್ತಿರ ಹೋಗಿ ನಿಂತ.

"ಮದ್ವೆ ಮನೆ. ಎಲ್ಡ್ನೇ ಕೋಟಾದ್ರೂ ಹೊಡ್ಕೊಡ್ತೀನಿ."

"ಯಾವಾಗ?" ಎಂದೆ.

ಅವನ ಬಾಯಿ ತೆರೆಯಿತು. ಬರುವ ಮಾತು ಯಾವುದೆಂದು ಇಬ್ಬರಿಗೂ ಗೊತ್ತಿತ್ತು. ಮೊದಲ ಬಾರಿಗೆ ಅದನ್ನು ನುಂಗಿಕೊಂಡು, ತಲೆ ತಗ್ಗಿಸಿ ನಡೆದುಬಿಟ್ಟ.

ನಾಳೆ ಎಂದಿದ್ದರೆ, ದೇವರಾಣೆಗೂ, ನಾನು ಮತ್ತೆ ನಂಬಿಬಿಡುತ್ತಿದ್ದೆ.