ಗುರುವಾರ ಬರಬಹುದು

"ಈ ಜೇಬು ಯಾರಿಗೆ ಹೊಲಿದ್ರಿ, ಗೊಂಬೆಗಾ?"

ಅವಳು ನನ್ನೊಡನೆ ಆಡಿದ ಮೊದಲ ಮಾತು ಇದು. ಬಿಳಿ ಯೂನಿಫಾರಂ ಕೋಟನ್ನು ಮೆಷಿನ್ ಮೇಲೆ ಹರಡಿ, ಜೇಬಿಗೆ ಕತ್ತರಿ ಇಳಿಬಿಟ್ಟು ತೋರಿಸಿದಳು. ಅರ್ಧ ಕತ್ತರಿ ಹೊರಗೇ ನಿಂತಿತ್ತು. ರಸ್ತೆಯ ಆ ಬದಿಯ ಆಸ್ಪತ್ರೆಯಲ್ಲಿ ಅವಳು ನರ್ಸ್, ಈ ಬದಿಯಲ್ಲಿ ನಾನು ಟೈಲರ್.

"ಸರಿ ಮಾಡಿಕೊಡ್ತೀನಿ ಸಿಸ್ಟರ್," ಎಂದೆ, ತಲೆ ಎತ್ತದೆ. ಮದುವೆಯಾದ ಮೇಲೂ ಎರಡು ಸಲ ಬಾಯಿ ತಪ್ಪಿ ಹಾಗೇ ಕರೆದು ಬೈಸಿಕೊಂಡಿದ್ದೇನೆ.

ನಮ್ಮ ಅಂಗಡಿಯಲ್ಲಿ ಹೆಂಗಸರಿಗೆ ಟೇಪು ಹಿಡಿಯುವುದು ಅಕ್ಕನ ಕೆಲಸ. ಪರದೆಯ ಆಚೆಯಿಂದ ಅವಳು ಕೂಗುತ್ತಾಳೆ, ಗೋಡೆಗೆ ಮುಖ ಮಾಡಿ ಕುಳಿತ ನಾನು ಅಳತೆ ಪುಸ್ತಕದಲ್ಲಿ ಬರೆದುಕೊಳ್ಳುತ್ತೇನೆ. ಭುಜ ಹದಿನಾಲ್ಕು, ತೋಳು ಒಂಬತ್ತು. ಎರಡು ವರ್ಷ ನಾನು ಆ ನರ್ಸನ್ನು ಅಂಕಿಗಳಲ್ಲೇ ಕಂಡೆ.

ಸುಳ್ಳು ಹೇಳುವುದೇಕೆ, ಅಂಗಡಿಯ ಕನ್ನಡಿಯಲ್ಲೂ ಕಂಡೆ. ಹೊರಡುವ ಮುಂಚೆ ಅವಳು ಅದರ ಮುಂದೆ ನಿಂತು, ಪಿನ್ನು ಹಲ್ಲಲ್ಲಿ ಕಚ್ಚಿಕೊಂಡು ಕೂದಲು ಕಟ್ಟುತ್ತಿದ್ದಳು. ಆಗ ಎಡ ಹುಬ್ಬು ಮಾತ್ರ ಸ್ವಲ್ಪ ಮೇಲೇರುತ್ತಿತ್ತು. ಆ ಹುಬ್ಬಿನ ದೆಸೆಯಿಂದ ನಾನು ಬೆರಳಿಗೆ ಸೂಜಿ ಚುಚ್ಚಿಕೊಂಡದ್ದು ಎಷ್ಟು ಸಲವೋ.

ಹೊರದೇಶದ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಾಗ ಅವಳೇ ಬಂದು ಕೇಳಿದಳು.

"ಅಲ್ಲಿ ನನ್ನ ಜೇಬು ಯಾರು ಸರಿ ಮಾಡ್ತಾರೆ? ನೀವೂ ಬಂದ್ಬಿಡಿ."

"ಆಯ್ತು," ಎಂದೆ.

ಅಷ್ಟು ದೊಡ್ಡ ಮಾತಿಗೆ ಇಷ್ಟು ಚಿಕ್ಕ ಉತ್ತರ ಕೊಟ್ಟ ಗಂಡಸು ಇನ್ನೊಬ್ಬ ಇರಲಿಕ್ಕಿಲ್ಲ. ರಿಜಿಸ್ಟರ್ ಮದುವೆಯಾಯಿತು, ಮೂರು ತಿಂಗಳಿಗೆ ಅವಳು ಹೊರಟಳು. ಮದುವೆ ಸರ್ಟಿಫಿಕೇಟ್ ಇದ್ದರೆ ಸಾಕು, ಗಂಡನ ವೀಸಾ ಆರು ತಿಂಗಳಲ್ಲಿ ಕೈಗೆ ಬರುತ್ತದೆ ಎಂದ ವೀಸಾ ಏಜೆಂಟ್. ಅರ್ಜಿ ಹಾಕಿದೆ.

ಐದನೇ ತಿಂಗಳಿಗೆ ಅಲ್ಲಿನ ನಿಯಮ ಬದಲಾಯಿತು. ಮದುವೆಯಾಗಿ ಎರಡು ವರ್ಷ ತುಂಬದವರು, ಮದುವೆಗೆ ಮೊದಲೂ ಒಬ್ಬರನ್ನೊಬ್ಬರು ಬಲ್ಲೆವೆಂದು ತಾರೀಖು ಸಮೇತ ತೋರಿಸಬೇಕು. ಸರದಿಯಲ್ಲಿದ್ದ ಹಳೆಯ ಅರ್ಜಿಗಳಿಗೂ ಅದೇ. ಮೂವತ್ತು ದಿನ ಗಡುವು. ತಪ್ಪಿದರೆ ಮೂರು ವರ್ಷ ಮತ್ತೆ ಅರ್ಜಿ ಹಾಕುವಂತಿಲ್ಲ.

ಏಜೆಂಟ್ ಫೈಲು ಹಿಡಿದು ಅಂಗಡಿಗೇ ಬಂದ. ಅವಳಿಗೆ ಅಲ್ಲಿ ಊಟದ ಬಿಡುವು. ಫೋನನ್ನು ಸ್ಪೀಕರಿಗೆ ಹಾಕಿ ಮೆಷಿನ್ ಮೇಲಿಟ್ಟೆ.

"ಜೊತೆಗಿರೋ ಫೋಟೋ?" ಎಂದ ಏಜೆಂಟ್.

"ಇಲ್ಲ."

"ಮೆಸೇಜು? ಒಂದು ಬರ್ತ್‌ಡೇ ಕಾರ್ಡಾದ್ರೂ?"

"ರಸ್ತೆ ದಾಟಿದ್ರೆ ಸಿಗ್ತಿದ್ಲು. ಮೆಸೇಜ್ ಯಾಕೆ ಮಾಡ್ಲಿ?"

"ಅಯ್ಯೋ ಮಹಾರಾಯ, ನಿಮ್ಮ ಪ್ರೀತಿ ಕಾಗದದ ಮೇಲೆ ಇಲ್ವೇ ಇಲ್ಲ."

ಫೋನಿನಿಂದ ಅವಳು ಮೆಲ್ಲಗೆ ಹೇಳಿದಳು. "ಇದ್ದಿದ್ರೆ ತಾನೆ ಕಾಗದಕ್ಕೆ ಬರೋದು. ನಾನು ಕೇಳ್ದೆ, ಇವರು ಪಾಪ ಅಂತ ಒಪ್ಪಿಕೊಂಡ್ರು. ಒಂದು ದಿನಾನೂ ತಲೆ ಎತ್ತಿ ನನ್ನ ನೋಡಿಲ್ಲ."

ವೀಸಾ ಹೋದರೆ ಮೂರು ವರ್ಷ. ಈ ಮಾತು ಅವಳ ಮನಸ್ಸಲ್ಲಿ ಹೀಗೇ ಉಳಿದರೆ ಆ ಮೂರು ವರ್ಷದ ಕೊನೆಗೆ ನನಗೆ ಏನು ಉಳಿದೀತು? ಹೇಳಬೇಕೆಂದು ಬಾಯಿ ತೆರೆದೆ. ಬಾಯಿ ಎಂದಿನಂತೆ ಕೈಕೊಟ್ಟಿತು.

ಗುಂಡಿ ಹಚ್ಚುತ್ತಿದ್ದ ಅಕ್ಕ ತಲೆ ಎತ್ತಿದಳು. "ಅಳತೆ ಪುಸ್ತಕ ಇದ್ಯಲ್ಲೋ. ತಾರೀಖಿಲ್ದೆ ನೀನು ಒಂದಕ್ಷರ ಬರೆದೋನಲ್ಲ."

"ಅದು ಬೇಡ ಅಕ್ಕ."

"ಯಾಕೆ ಬೇಡ?"

ಯಾಕೆಂದು ಹೇಳುವ ಮೊದಲೇ ಪುಸ್ತಕ ಏಜೆಂಟನ ಕೈ ಸೇರಿತ್ತು. ಅನುವಾದ ಮಾಡಿಸಬೇಕೆಂದು ಅವನು ಗಟ್ಟಿಯಾಗಿ ಓದತೊಡಗಿದ. ನೆಲ ಬಾಯಿ ಬಿಟ್ಟು ನನ್ನನ್ನು ನುಂಗಬಾರದೇ ಅನಿಸಿತು.

"ಭುಜ ಹದಿನಾಲ್ಕು, ತೋಳು ಒಂಬತ್ತು, ಜೇಬು ಎರಡು. ಅವಸರದ ಹೆಂಗಸು." ಪುಟ ತಿರುವಿದ. "ಜೇಬು ಬಿಚ್ಚಿ ದೊಡ್ಡದು ಮಾಡಿದ್ದು. ಇವತ್ತು ನಕ್ಕರು." ಕನ್ನಡಕ ಸರಿ ಮಾಡಿಕೊಂಡ. "ಕೋಟು ಎರಡು. ಕಣ್ಣು ಕೆಂಪಗಿತ್ತು, ನಿದ್ದೆ ಇಲ್ಲವೋ ಏನೋ. ಬೇಗ ಹೊಲಿದು ಕೊಡಬೇಕು."

ಏಜೆಂಟ್ ಮತ್ತೊಂದು ಪುಟ ತಿರುವಿದ.

"ಎಡ ಜೇಬು ಬೇಕಂತಲೇ ಅರ್ಧ ಇಂಚು ಕಡಿಮೆ ಇಟ್ಟಿದೆ. ಗುರುವಾರ ಬರಬಹುದು." ಏಜೆಂಟ್ ನಿಲ್ಲಿಸಿ ನನ್ನ ಮುಖ ನೋಡಿದ. ಆಮೇಲೆ ಮುಂದಿನ ಸಾಲು ಓದಿದ. "ಗುರುವಾರ ಬಂದರು."

ಅಕ್ಕ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ನನ್ನ ಕಿವಿ ಇಸ್ತ್ರಿಪೆಟ್ಟಿಗೆಯಂತೆ ಕಾದಿತ್ತು.

"ಎಷ್ಟು ಸಲ?" ಫೋನಿನಿಂದ ಅವಳ ದನಿ ಬಂತು.

"ಏನು ಎಷ್ಟು ಸಲ?"

"ಜೇಬು ಬೇಕಂತಲೇ ಚಿಕ್ಕದು ಮಾಡಿದ್ದು."

"ಒಂಬತ್ತು," ಎಂದೆ. "ಇನ್ನೇನು ಮಾಡ್ಲಿ? ಸರಿಯಾಗಿ ಹೊಲಿದ್ರೆ ನೀನು ಬರ್ತಿರ್ಲಿಲ್ಲ. ಮೊದಲ್ನೇ ದಿನದಿಂದಾನೂ ನೀನಂದ್ರೆ ನಂಗೆ ಪ್ರಾಣ. ಹೇಳಕ್ಕೆ ಬರ್ಲಿಲ್ಲ, ಬರೆದಿಟ್ಟೆ."

ಅವಳು ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯಲಿಲ್ಲ. ಎರಡೂ ಇದ್ದಿರಬೇಕು. ಏಜೆಂಟ್ ಮಾತ್ರ ಗಂಭೀರವಾಗಿ ಪೆನ್ನು ತೆಗೆದ. "ತಪ್ಪೊಪ್ಪಿಗೆ ಸಮೇತ ಪುರಾವೆ ಇದೆ. ಎಲ್ಲಾ ಪುಟಾನೂ ಜೆರಾಕ್ಸ್ ಮಾಡಿ ಕಳಿಸೋಣ."

ಕಳಿಸಿದೆವು. ಆಮೇಲೆ ಏಳು ತಿಂಗಳು ಕಾದೆವು. ಆ ಪುಟಗಳನ್ನು ಅಲ್ಲಿ ಯಾವ ಅಧಿಕಾರಿ ಓದಿದರೋ, ಓದಿ ನಕ್ಕರೋ ಗೊತ್ತಿಲ್ಲ. ನಡುವೆ ಒಂದು ಸಲ ಅವಳು ಅಲ್ಲಿನ ಚಳಿಯ ಬಗ್ಗೆ ಹೇಳಿದಾಗ ಕೇಳಿದೆ.

"ಉಣ್ಣೆ ಕೋಟು ಹೊಲಿದು ಕಳಿಸ್ಲಾ? ಇಲ್ಲಿಂದ ಹೋಗಿ ಒಂದು ವರ್ಷ ಆಗ್ತಾ ಬಂತು. ಈಗಿನ ಅಳತೆ ಹೇಳು."

"ಫೋನಲ್ಲಿ ಅಳತೆ ಕೊಡಲ್ಲ," ಎಂದಳು. "ಬಂದು ತಗೊಳ್ಳಿ. ಈ ಸಲ ಅಕ್ಕನ್ನ ಕರೀಬೇಡಿ, ಗೋಡೆ ಕಡೆಗೂ ತಿರುಗಬೇಡಿ."

ಆ ದಿನದ ತಾರೀಖು ಹಾಕಿ ಪುಸ್ತಕದಲ್ಲಿ ಬರೆದೆ: ಉಣ್ಣೆ ಕೋಟು ಒಂದು, ಅಳತೆ ಬಾಕಿ.

ಕೊನೆಗೆ ವೀಸಾ ಬಂತು. ಈಗ ಅಂಗಡಿ ಅಕ್ಕನದು. ಮೆಷಿನಿಗೆ ಎಣ್ಣೆ ಬಿಟ್ಟು, ಬಟ್ಟೆ ಹೊದಿಸಿ, ಕನ್ನಡಿಯನ್ನು ಒರೆಸಿಟ್ಟಿದ್ದೇನೆ. ಅದರ ಮುಂದೆ ಒಂದು ಕೂದಲ ಪಿನ್ನು ಸಿಕ್ಕಿತು, ಪೆಟ್ಟಿಗೆಗೆ ಹಾಕಿಕೊಂಡೆ. ಟೇಪು ಅಂಗಿಯ ಜೇಬಿನಲ್ಲಿದೆ.

ನಿನ್ನೆ ಟಿಕೆಟ್ ಆಯಿತೆಂದು ಹೇಳಲು ಫೋನ್ ಮಾಡಿದಾಗ ಅವಳು ಕೇಳಿದಳು, "ಯಾವತ್ತು ಇಳೀತೀರಿ?"

"ಗುರುವಾರ," ಎಂದೆ.