ಈಜುವ ದ್ವೀಪ, ಎರಡು ಮುಖದ ತಂಬೋರ

ಎಷ್ಟೋ ತಲೆಮಾರುಗಳ ಹಿಂದೆ, ಪಡುವಣದ ಬಿಸಿಗಡಲಿನಲ್ಲಿ, ನಿಂತಲ್ಲಿ ನಿಲ್ಲದ ಒಂದು ರಾಜ್ಯವಿತ್ತು. ಅದೊಂದು ದ್ವೀಪ. ದ್ವೀಪವಿದ್ದದ್ದು ಭಾರೀ ಕಡಲಾಮೆಯೊಂದರ ಬೆನ್ನ ಮೇಲೆ. ಮೊದಲೆಲ್ಲ ಆಮೆ ಹಾಯಾಗಿ ಮಲಗಿತ್ತು, ಜನವೂ ಹಾಯಾಗಿದ್ದರು. ಈ ಕತೆ ನಡೆಯುವುದಕ್ಕೆ ಏಳು ವರ್ಷ ಮೊದಲು ಕೊರಾಂಬೊ ಎಂಬ ಮಾಂತ್ರಿಕ ಆಮೆಯ ಕಿವಿಯಲ್ಲಿ ಮಂತ್ರ ಊದಿದ. ಅಂದು ಈಜತೊಡಗಿದ ಆಮೆ ಮತ್ತೆ ನಿಲ್ಲಲೇ ಇಲ್ಲ.

ನೆಲವೇ ಹೊರಟುಬಿಟ್ಟರೆ ಮನುಷ್ಯ ಕೂರುವುದೆಲ್ಲಿ? ರಾಜ ಅಡ್ಡಾಡುತ್ತಲೇ ನ್ಯಾಯ ಹೇಳುತ್ತಿದ್ದ, ದೂರು ತಂದವರು ಅವನ ಹಿಂದೆ ಓಡುತ್ತಿದ್ದರು. ಮರಗೆಣಸು ಬೇಯುವ ಮೊದಲೇ ಹೆಂಗಸರು ಒಲೆಯಿಂದ ಇಳಿಸುತ್ತಿದ್ದರು. ಕೂಸುಗಳು ತೊಟ್ಟಿಲಲ್ಲಿ ಕಣ್ಣು ಬಿಟ್ಟುಕೊಂಡೇ ಇರುತ್ತಿದ್ದವು. ಎಲ್ಲರಿಗೂ ಸಿಡಿಮಿಡಿ, ಎಲ್ಲರಿಗೂ ಅವಸರ. ಎಲ್ಲಿಗೆ ಎಂದು ಕೇಳಿದರೆ ಯಾರಿಗೂ ಗೊತ್ತಿಲ್ಲ.

ಆಮೆಯನ್ನು ನಿಲ್ಲಿಸಬಲ್ಲದ್ದು ಒಂದೇ ಒಂದು, ಒಂದು ತಂಬೋರ. ಹೆಸರು ಕೇಳಿ ತಂಬೂರಿ ಮೀಟಲು ಹೋಗಬೇಡಿ. ಇದು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಕೈಯಲ್ಲಿ ಬಾರಿಸುವ ಎರಡು ಮುಖದ ವಾದ್ಯ. ಒಂದು ಮುಖಕ್ಕೆ ಹೋತದ ಚರ್ಮ, ಇನ್ನೊಂದಕ್ಕೆ ಆಡಿನ ಚರ್ಮ. ಆ ತಂಬೋರ ಮಾಂತ್ರಿಕನ ಮನೆಯಲ್ಲೇ ಇತ್ತು. ಕಟ್ಟು ಹಾಕಿದವನು ಅದನ್ನು ಬಿಚ್ಚುವ ವಸ್ತುವನ್ನೂ ಮನೆಯಲ್ಲಿಟ್ಟಿರಬೇಕು, ಕೇಳಿ ಬಂದವರಿಗೆ ಒಂದು ಸಲ ಆರಿಸಲು ಬಿಡಬೇಕು, ಇದು ಮಂತ್ರವಿದ್ಯೆಯ ಕಟ್ಟಳೆ. ಕೊರಾಂಬೊ ಏನು ಕಮ್ಮಿಯವನೇ? ಅದರ ಪಕ್ಕ ಅಂಥವೇ ಇನ್ನೆರಡು ಮಾಡಿಟ್ಟ. ತಪ್ಪು ಆರಿಸಿದವರನ್ನು ಹೋತ ಮಾಡಿ ಅಂಗಳದಲ್ಲಿ ಬಿಟ್ಟುಕೊಂಡ.

ಆ ದ್ವೀಪದಲ್ಲಿ ಎಲೀಯೋ ಎಂಬ ವಾದ್ಯಗಾರನಿದ್ದ. ಅವನಿಗೆ ಇನೇಸಾ ಎಂಬ ತಂಗಿಯಿದ್ದಳು. ಅವಳ ಬೆರಳುಗಳಿಗೆ ಲಗಾಮೇ ಇರಲಿಲ್ಲ. ಕಂಬ ಕಂಡರೆ ಕಂಬ, ಮಡಕೆ ಕಂಡರೆ ಮಡಕೆ, ಏನು ಸಿಕ್ಕರೂ ತಟ್ಟುತ್ತಲೇ ಇರುತ್ತಿದ್ದಳು.

ತಂಬೋರವನ್ನು ಅಲ್ಲಿ ಯಾರೂ ಒಬ್ಬರೇ ಆರಿಸುತ್ತಿರಲಿಲ್ಲ. ಕೊಳ್ಳುವವರು ಒಂದು ಮುಖದ ಮೇಲೆ ಅಂಗೈ ಇಟ್ಟು ಅಲ್ಲಾಡದೆ ಕೂರಬೇಕು. ಜತೆಗೆ ಬಂದವರು ಇನ್ನೊಂದು ಮುಖಕ್ಕೆ ಬಾರಿಸಬೇಕು. ಜತೆಗೆ ಯಾರೂ ಇಲ್ಲದಿದ್ದರೆ ಮಾರುವವನೇ ಬಾರಿಸಬೇಕು, ಒಲ್ಲೆ ಎನ್ನುವಂತಿಲ್ಲ. ನಿಜವಾದ ತಂಬೋರವಾದರೆ ಬಾರಿಸಿದವರ ಮನಸ್ಸಿನಲ್ಲಿದ್ದದ್ದು ಚರ್ಮ ದಾಟಿ ಈಚೆಯ ಅಂಗೈಗೆ ಬರುತ್ತದೆ.

ಆಮೆಯನ್ನು ನಿಲ್ಲಿಸುವ ತಂಬೋರ ತರಲು ಒಂದು ದಿನ ಮಾಂತ್ರಿಕನ ಮನೆಗೆ ಹೊರಟ ಅಣ್ಣನ ಹಿಂದೆ ಇನೇಸಾಳೂ ಹೊರಟಳು.

"ನೀನು ಬೇಡ," ಎಂದ ಎಲೀಯೋ. "ಹೋದ ಸಲ ತಂಬೋರ ಕೊಳ್ಳುವಾಗ ಕೈ ಸುಮ್ಮನಿಡು ಅಂದರೆ ಬೆರಳು ಕುಣಿಸಿದೆ. ಮನೆಗೆ ತಂದ ಮೇಲೆ ನೋಡಿದರೆ ಅದು ಬರೀ ಡಬ್ಬ. ಇವತ್ತು ನನ್ನ ಕಿವಿ ಒಂದೇ ಸಾಕು."

ಇನೇಸಾಳಿಗೆ ಅಳು ಬಂತು, ಸಿಟ್ಟೂ ಬಂತು. ಅಣ್ಣ ಹೋದ. ಕಿವಿಯನ್ನು ನಂಬಿ, ಮೂರರಲ್ಲಿ ಹೆಚ್ಚು ಜೋರಾಗಿ ಗುಡುಗಿದ್ದನ್ನು ಆರಿಸಿದ. ಮನೆಗೆ ಮರಳಲಿಲ್ಲ.

ಮೂರನೆಯ ದಿನ ಇನೇಸಾ ತಾನೇ ಹೊರಟಳು. ಮಾಂತ್ರಿಕನ ಅಂಗಳದಲ್ಲಿ ಹೋತಗಳು ಸುತ್ತಿದ್ದಲ್ಲೇ ಸುತ್ತುತ್ತಿದ್ದವು. ಅವುಗಳಲ್ಲಿ ಒಂದು ಮಾತ್ರ ಗೊರಸಿನಿಂದ ನೆಲಕ್ಕೆ ತಾಳ ಹಾಕುತ್ತಿತ್ತು. ಆ ತಾಳ ಎಲೀಯೋನದೇ.

"ಒಳ್ಳೆ ಹೊತ್ತಿಗೆ ಬಂದೆ ಹುಡುಗಿ," ಎಂದ ಕೊರಾಂಬೊ. ಮಾತಾಡುತ್ತಲೂ ಅವನು ಗೋಡೆಯಿಂದ ಗೋಡೆಗೆ ನಡೆಯುತ್ತಿದ್ದ. "ಹೊತ್ತು ಮುಳುಗುವಾಗ ಆ ತಾಳದ ಹೋತದ ಚರ್ಮ ಸುಲೀತೀನಿ. ಅಷ್ಟರೊಳಗೆ ಆರಿಸು. ತಪ್ಪಿದರೆ ನೀನೂ ಅವನ ಪಕ್ಕಕ್ಕೆ."

"ಆರಿಸ್ತೀನಿ ಅಜ್ಜ. ನನ್ನ ಜತೆ ಯಾರೂ ಇಲ್ಲ. ನೀವೇ ಬಾರಿಸಬೇಕು."

ಮಾಂತ್ರಿಕ ಗಕ್ಕನೆ ನಿಂತ. ಇಷ್ಟು ವರ್ಷ ಬಂದವರೆಲ್ಲ ಅವಸರದಲ್ಲಿ ತಾವೇ ಬಾರಿಸಿ ನೋಡಿ ಹೋತವಾಗಿದ್ದರು. ಊರ ಪದ್ಧತಿಯಂತೆ ನೀವೇ ಬಾರಿಸಿ ಎಂದು ಯಾರೂ ಕೇಳಿರಲಿಲ್ಲ. ಅವನು ಮುಖ ಗಂಟಿಕ್ಕಿಕೊಂಡು ಎದುರಿಗೆ ಕೂತ.

ಮೊದಲನೆಯ ತಂಬೋರ. ಇನೇಸಾ ಅಂಗೈ ಇಟ್ಟಳು. ಅವನು ಬಾರಿಸಿದ. ಮಾಡಿನ ಗರಿಗಳು ಅದುರಿದವು. ಅಂಗೈಗೆ ಪೆಟ್ಟು ಬಂತು, ಬೇರೇನೂ ಬರಲಿಲ್ಲ.

ಎರಡನೆಯ ತಂಬೋರ. ಅಂಗೈ ಇಡುತ್ತಲೇ ಕಿರುಬೆರಳು ಕುಣಿಯತೊಡಗಿತು. ಬೇಡ ಬೇಡ ಎಂದರೂ ಕೇಳಲಿಲ್ಲ. ಮಾಂತ್ರಿಕ ಒಳಗೊಳಗೇ ನಕ್ಕ. ಆಗ ಅಂಗಳದಿಂದ ತಾಳದ ಹೋತ ಒಳಗೆ ಬಂತು. ಬಂದದ್ದೇ ತನ್ನ ಗದ್ದವನ್ನು ಅವಳ ಕೈಯ ಮೇಲೆ ಊರಿ ನಿಂತಿತು. ಆ ಬಿಸಿಗೆ, ಆ ಭಾರಕ್ಕೆ, ಹುಟ್ಟಿದಾಗಿನಿಂದ ಸುಮ್ಮನಿರದ ಬೆರಳುಗಳು ಸುಮ್ಮನಾದವು.

"ಬಾರಿಸಿ ಅಜ್ಜ."

ಅವನು ಬಾರಿಸಿದ. ಸದ್ದು ಮೊದಲನೆಯದರಷ್ಟೇ. ಆದರೆ ಅಂಗೈಯೊಳಗೆ ಏನೋ ನಡುಗುತ್ತ ಬಂತು. ಯಾರೋ ಬೆನ್ನು ಹತ್ತಿದ್ದಾರೆ, ನಿಲ್ಲಬೇಡ, ನಿಲ್ಲಬೇಡ ಎನ್ನುವ ಹೆದರಿಕೆ ಅದು. ಇನೇಸಾಳಿಗೆ ಅವನ ಮೇಲೆ ಅಯ್ಯೋ ಎನಿಸಿತು.

ಮೂರನೆಯ ತಂಬೋರವನ್ನು ಅವನು ಎಲ್ಲಕ್ಕಿಂತ ಜೋರಾಗಿ ಬಾರಿಸಿದ. ಅಂಗೈಗೆ ಬರೀ ಪೆಟ್ಟು.

"ಯಾರಿಗೆ ಹೆದರಿ ಓಡ್ತಿದ್ದೀರಿ ಅಜ್ಜ?" ಎಂದಳು ಇನೇಸಾ, ಎರಡನೆಯ ತಂಬೋರವನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತ.

ಮಾಂತ್ರಿಕನ ಮುಖ ಬಿಳಿಚಿತು. "ಬಾರಿಸಬೇಡ ತಾಯೀ! ನನ್ನ ಆಯಸ್ಸು ಏಳು ವರ್ಷದ ಹಿಂದೆಯೇ ಮುಗಿದಿದೆ. ದ್ವೀಪ ನಿಂತರೆ ಸಾವಿಗೆ ನನ್ನ ಮನೆ ಸಿಕ್ಕಿಬಿಡುತ್ತೆ!"

"ನಿಮ್ಮೊಬ್ಬರ ಭಯಕ್ಕೆ ಇಡೀ ಊರು ಓಡಬೇಕಾ?"

ಅಷ್ಟು ಹೊತ್ತು ತಡೆದಿಟ್ಟ ಬೆರಳುಗಳನ್ನು ಬಿಟ್ಟಳು. ಎರಡೂ ಮುಖಗಳು ಒಂದಕ್ಕೊಂದು ಉತ್ತರ ಕೊಟ್ಟವು. ಕೆಳಗೆಲ್ಲೋ ಆಮೆ ಉಸಿರು ಬಿಟ್ಟಿತು, ಕಾಲು ಮಡಚಿತು, ನಿಂತಿತು. ಹೋತಗಳು ಮನುಷ್ಯರಾಗಿ ಎದ್ದು ಒಬ್ಬರನ್ನೊಬ್ಬರು ತಬ್ಬಿಕೊಂಡರು. ದಡಕ್ಕೆ ಒಂದು ಪುಟ್ಟ ದೋಣಿ ಬಂತು. ದೋಣಿಯಲ್ಲಿ ಯಾರೂ ಇರಲಿಲ್ಲ. ಕೊರಾಂಬೊ ಬಹಳ ಹೊತ್ತು ಅದನ್ನು ನೋಡಿದ. ಆಮೇಲೆ ಹೋಗಿ ಅದರಲ್ಲಿ ಕೂತ. ಏಳು ವರ್ಷದಲ್ಲಿ ಅವನು ನೆಮ್ಮದಿಯಾಗಿ ಕೂತದ್ದು ಅದೇ ಮೊದಲು. ದೋಣಿ ಹೊರಟುಹೋಯಿತು.

ಅರಮನೆಯಲ್ಲಿ ರಾಜ ಸಿಂಹಾಸನದ ಮೇಲೆ ಕೂತ, ಕೂತಲ್ಲೇ ಗೊರಕೆ ಹೊಡೆದ. ಯಾರೂ ಎಬ್ಬಿಸಲಿಲ್ಲ, ಎಲ್ಲರೂ ಮಲಗಿದ್ದರು. ಮರಗೆಣಸು ಚೆನ್ನಾಗಿ ಬೆಂದಿತು.

ಎಲೀಯೋ ತಂಗಿಯ ಎದುರಿಗೆ ಕೂತು ತಂಬೋರದ ಮೇಲೆ ಅಂಗೈ ಇಟ್ಟ. "ಬಾರಿಸು," ಎಂದ. ಇನೇಸಾ ಬಾರಿಸಿದಳು.

"ಅಬ್ಬಾ, ನನ್ನ ಮೇಲೆ ಇಷ್ಟೊಂದು ಸಿಟ್ಟಾ?"

"ಅದೊಂದೇ ಬಂತಾ? ಕೈ ಸುಮ್ಮನಿಡು, ಸರಿಯಾಗಿ ನೋಡು."

ಎಲೀಯೋ ಅಲ್ಲಾಡದೆ ಕೂತ. ಇನೇಸಾ ಮತ್ತೆ ಬಾರಿಸಿದಳು. ಅವನ ಕಣ್ಣಲ್ಲಿ ನೀರು ತುಂಬಿತು, ಕೈ ಮಾತ್ರ ತೆಗೆಯಲಿಲ್ಲ.

ಆಮೆ ಇವತ್ತಿಗೂ ಅಲ್ಲೇ ಮಲಗಿದೆ. ಅದರ ಬೆನ್ನ ಮೇಲಿನವರೆಲ್ಲ ಉಂಡು, ಬಾರಿಸಿ, ನಿದ್ದೆ ಮಾಡಿ ಸುಖವಾಗಿದ್ದಾರೆ.