ಗೋಡೆ ಕಡೆ ತಿರುಗಿ ನಿಂತವನು

"ನಾನು ನಾನಲ್ಲ ಅಂತಿದೆ ನಿಮ್ಮ ಕಂಪ್ಯೂಟರು. ಹಾಗಾದ್ರೆ ನಾನ್ಯಾರು, ನೀವೇ ಹೇಳಿ."

ಫೋನಿನಲ್ಲಿ ಹೆಣ್ಣಿನ ದನಿ. ಸಿಟ್ಟಿತ್ತು. ಸಿಟ್ಟಿನ ಅಂಚಿಗೆ ನಗುವಿನ ಒಂದು ಎಳೆಯೂ ಇತ್ತು.

ಆಸ್ಪತ್ರೆಯ ಕಂಪ್ಯೂಟರ್ ವಿಭಾಗದಲ್ಲಿ ಅವನ ಕೆಲಸವೇ ಇಂಥ ಕರೆಗಳನ್ನು ಕೇಳುವುದು. ನೌಕರರ ಲಾಗಿನ್ನಿಗೆ ಬೀಗ ಬಿದ್ದರೆ ತೆಗೆಯುವವನು ಅವನು. ಡಾಕ್ಟರುಗಳಿಂದ ಡ್ರೈವರುಗಳವರೆಗೆ ಎಲ್ಲರ ಬಾಯಲ್ಲೂ ಅವನು ಬೀಗದಣ್ಣ.

"ಎಲ್ಲಿಂದ ಮಾತಾಡ್ತಿದ್ದೀರಿ?"

"ಹೊಲಿಗೆ ಕೋಣೆಯಿಂದ. ರಸ್ತೆ ಆಚೆ, ಹಳೇ ಕಟ್ಟಡ. ನಾವೊಬ್ರು ಇದ್ದೀವಿ ಅಂತ ನಿಮಗೆ ನೆನಪಿದ್ರೆ ತಾನೆ!"

ಗಂಟು ಬಿದ್ದಿದ್ದು ಅಲ್ಲೇ. ಹರಿದ ಬೆಡ್‌ಶೀಟು, ಗುಂಡಿ ಕಿತ್ತ ಗೌನುಗಳೆಲ್ಲ ಆ ಕೋಣೆಗೆ ಹೋಗುತ್ತವೆ. ಆಸ್ಪತ್ರೆಯ ನೆಟ್‌ವರ್ಕ್ ಮಾತ್ರ ರಸ್ತೆ ದಾಟಿರಲಿಲ್ಲ. ಒಳಗಿದ್ದವರು ಬರೀ ಹೆಸರು ಹೊಡೆದರೆ ಆನ್‌ಲೈನ್ ಫಾರಂ ತೆರೆದುಕೊಳ್ಳುತ್ತದೆ. ಹೊರಗಿನಿಂದ ಬಂದವರು ಹೊಸಿಲಲ್ಲಿ ನಿಂತ ನೆಂಟರ ಹಾಗೆ: ಇಮೇಲ್ ವಿಳಾಸ ಪೂರ್ತಿ ಕೊಡಬೇಕು, ಪಾಸ್‌ವರ್ಡ್ ಹೇಳಬೇಕು, ಆಮೇಲೆ ಫೋನಿನಲ್ಲಿ ಮೂಡುವ ಕೋಡನ್ನೂ ತೋರಿಸಬೇಕು.

ಇಷ್ಟನ್ನು ಫೋನಿನಲ್ಲೇ ಹೇಳಬಹುದಿತ್ತು. ಅವನು ಎದ್ದು ರಸ್ತೆ ದಾಟಿದ. ಕೆಲವು ಹೆಜ್ಜೆಗಳನ್ನು ದೇವರೇ ಇಡಿಸುತ್ತಾನೆ. ಎಲ್ಲಿಗೆ ಅಂತ ಮಾತ್ರ ಹೇಳುವುದಿಲ್ಲ.

ಕೋಣೆಯಲ್ಲಿ ಇಬ್ಬರಿದ್ದರು. ಕನ್ನಡಕದ ಮೇಲಿಂದ ನೋಡುವ ಹಿರಿಯಾಕೆ, ಎಲ್ಲರೂ ದೊಡ್ಡಮ್ಮ ಅನ್ನುವವರು. ಮತ್ತೊಬ್ಬಳು, ಬಾಯಲ್ಲಿ ದಾರ ಕಚ್ಚಿಕೊಂಡು ಸೂಜಿಯ ಕಣ್ಣಿಗೆ ಒಂದೇ ಕಣ್ಣು ಸಣ್ಣದು ಮಾಡಿದ್ದವಳು. ದಾರ ಒಳಗೆ ಹೋದ ಮೇಲೂ ಆ ಕಣ್ಣು ಹಾಗೇ ಇತ್ತು, ಈಗ ಅವನ ಮೇಲೆ.

"ಓ, ಬೀಗದಣ್ಣ ನೀವೇನಾ?" ಎಂದರು ದೊಡ್ಡಮ್ಮ. "ಬಾರಪ್ಪಾ."

ಅವಳು ದಾರ ಕಡಿದಳು. "ಅಣ್ಣ ಅನ್ನೋದು ನೀವೇ ಅನ್ನಿ ದೊಡ್ಡಮ್ಮ. ನಾನು ಬೀಗದವರೇ ಅಂತೀನಿ."

ದೊಡ್ಡಮ್ಮ ಹೊಲಿಗೆ ಯಂತ್ರಕ್ಕೆ ಹೇಳುವವರಂತೆ ಗೊಣಗಿದರು, "ಇವತ್ತು ಬೀಗದವರು, ನಾಳೆ ಬೀಗರು."

ಅವನ ಕಿವಿ ಬಿಸಿಯಾಯಿತು. ವಿಳಾಸ ಪೂರ್ತಿ ಬರೆಸಿ, "ಈಗ ಪಾಸ್‌ವರ್ಡ್ ಹೊಡೀರಿ" ಎಂದವನೇ ಎದ್ದು, ಬೆನ್ನು ಮಾಡಿ ಗೋಡೆ ಕಡೆ ತಿರುಗಿ ನಿಂತ.

"ಅಯ್ಯೋ, ಏನಾಯ್ತು? ಮೇಷ್ಟ್ರು ಶಿಕ್ಷೆ ಕೊಟ್ರಾ?"

"ಬೇರೆಯವರ ಪಾಸ್‌ವರ್ಡ್ ನೋಡಬಾರದು. ಎಲ್ಲರ ಹತ್ರಾನೂ ಹೀಗೇ ನಿಲ್ತೀನಿ."

"ನಿಮ್ಮ ಸಂಬಳದಲ್ಲಿ ಅರ್ಧ ಗೋಡೆ ನೋಡಿದ್ದಕ್ಕೇ ಅನ್ನಿ."

ಗೋಡೆಯ ಹಲಗೆಯಲ್ಲಿ ದಾರದ ಉಂಡೆಗಳಿದ್ದವು. ಬಿಳಿಯದೇ ಹೆಚ್ಚು. ಅವನು ಅವುಗಳತ್ತ ನಕ್ಕ; ಅವಳಿಗೆ ಕಾಣಲಿಲ್ಲ.

ಪಾಸ್‌ವರ್ಡ್ ಸರಿಹೋಯಿತು, ಕೋಡನ್ನು ಮಾತ್ರ ಕಂಪ್ಯೂಟರು ಒಪ್ಪಲಿಲ್ಲ. ಅವನು ಅವಳ ಫೋನ್ ನೋಡಿದ.

"ಗಡಿಯಾರ ಹತ್ತು ನಿಮಿಷ ಮುಂದೆ ಇಟ್ಟಿದ್ದೀರಲ್ಲ?"

"ಬಸ್ ತಪ್ಪಬಾರದು ಅಂತ."

"ಕೋಡ್ ಗಡಿಯಾರ ನೋಡಿಕೊಂಡು ಹುಟ್ಟುತ್ತೆ. ಅದು ಈಗಿನದ್ದು ಕೇಳ್ತಿದೆ, ನೀವು ಹತ್ತು ನಿಮಿಷ ಆಮೇಲಿನದ್ದು ಕೊಡ್ತಿದ್ದೀರಿ."

"ಹಾಗಾದ್ರೆ ಮುಂದೇನಾಗುತ್ತೆ ಅಂತ ನನಗೆ ಮೊದಲೇ ಗೊತ್ತಿರಬೇಕಿತ್ತಲ್ಲ, ಬೀಗದವರೇ?" ತುಟಿ ನಗುತ್ತಿತ್ತು. ಕಣ್ಣು ಯಾಕೋ ನಗಲಿಲ್ಲ.

ಗಡಿಯಾರ ತಿದ್ದಿದ ಮೇಲೆ ಫಾರಂ ತೆರೆಯಿತು. ಅದು ವರ್ಗಾವಣೆಯ ಫಾರಂ. ಅವಳು ಆರಿಸಿದ ಆಸ್ಪತ್ರೆಯ ಶಾಖೆ, ರೈಲಿನಲ್ಲಿ ಒಂದು ಹಗಲು ಒಂದು ರಾತ್ರಿ ದೂರದ ಊರಿನದ್ದು. ಕೊನೆಯ ದಿನ ಶುಕ್ರವಾರ.

"ಉಳಿದದ್ದು ಸಂಜೆ ತುಂಬ್ತೀನಿ" ಎಂದು ಅವಳು ಪರದೆ ಮುಚ್ಚಿದಳು.

ಮರುದಿನ ಮತ್ತೆ ಕರೆ. ಪಾಸ್‌ವರ್ಡ್ ತಪ್ಪು ಅನ್ನುತ್ತಿದೆ. ಅವನು ರಸ್ತೆ ದಾಟಿದ, ಬಿದ್ದ ಬೀಗ ತೆಗೆದ, ಗೋಡೆ ನೋಡಿದ. ಅದರ ಮರುದಿನ ಮತ್ತದೇ. ಬೀಗ ತೆಗೆದ ಮೇಲೂ ಅವರು ಕೂತಿರುತ್ತಿದ್ದರು. ಅವಳು ಹೊಲಿಯುತ್ತಿದ್ದಳು, ಅವನು ತೆಗೆದ ಬೀಗವನ್ನೇ ಇನ್ನೊಮ್ಮೆ ಪರೀಕ್ಷಿಸುತ್ತಿದ್ದ. ದೊಡ್ಡಮ್ಮನಿಗೆ ಮಾತ್ರ ಆ ಹೊತ್ತಿಗೇ ಸರಿಯಾಗಿ ಹೊರಗೆ ಕೆಲಸ ಬೀಳುತ್ತಿತ್ತು.

ಹಾಗೆ ಕೂತ ಒಂದು ಮಧ್ಯಾಹ್ನ ಅವಳು ಅಕ್ಕನ ಸಂಗತಿ ಹೇಳಿದಳು. ತಾಯಿಯಿಲ್ಲದ ಮನೆಯಲ್ಲಿ ಇವಳನ್ನು ಮಡಿಲಲ್ಲಿ ಕೂರಿಸಿಕೊಂಡು ಬೆಳೆಸಿದವಳು ಆ ಅಕ್ಕ. ಈಗ ಆ ದೂರದ ಊರಿನಲ್ಲಿ ಕೈಕಾಲು ಬಿದ್ದು ಮಲಗಿದ್ದಾಳೆ. ಭಾವ ತೀರಿಹೋಗಿ ವರ್ಷಗಳಾದವು.

"ಬರಬೇಡ ಕಣೇ, ನಿನ್ನ ಬಾಳು ನೋಡ್ಕೋ ಅಂತಾಳೆ." ಅವಳು ಸೂಜಿ ನಿಲ್ಲಿಸಿದಳು. "ಮೊನ್ನೆ ಅಕ್ಕನ ಜಡೆ ಕತ್ತರಿಸಿಬಿಟ್ರಂತೆ. ಬಾಚೋರಿಲ್ಲ ಅಂತ. ಇಷ್ಟುದ್ದ ಇತ್ತು ರೀ. ನನಗೆ ಜಡೆ ಹಾಕಿದ ಮೇಲೇ ಅವಳು ತನ್ನದು ಹಾಕ್ಕೊಳ್ತಿದ್ದಿದ್ದು."

ಅವನು ಬಿದ್ದಿದ್ದ ದಾರದ ಉಂಡೆಯನ್ನು ಎತ್ತಿ, ಸುತ್ತಿ, ಅವಳ ಕೈಗೆ ಕೊಟ್ಟ. ಬೆರಳಿಗೆ ಬೆರಳು ತಗುಲಿತು. ಇಬ್ಬರೂ ಉಂಡೆಯನ್ನೇ ನೋಡಿದರು.

ಶುಕ್ರವಾರ ಇಳಿಹೊತ್ತು. ಫಾರಂ ಮುಚ್ಚಲು ಇನ್ನು ಸ್ವಲ್ಪವೇ ಸಮಯವಿತ್ತು. ಅವಳು ಕೀಬೋರ್ಡಿನ ಮುಂದೆ. ಅವನು ಗೋಡೆಯ ಮುಂದೆ.

ಅವನ ಅಪ್ಪನಿಗೆ ಕಣ್ಣಿಲ್ಲ. ಅಪ್ಪನ ಜೊತೆ ಬೆಳೆದವನಿಗೆ ಕಿವಿಯೇ ಇನ್ನೊಂದು ಕಣ್ಣು. ತನ್ನ ಪಾಸ್‌ವರ್ಡ್ ಹೊಡೆಯುವ ಯಾರ ಬೆರಳಿಗೂ ಒಂದು ನಡೆ ಇರುತ್ತದೆಂದು ಅವನು ಬಲ್ಲ. ದಿನಾ ಹತ್ತುವ ಮೆಟ್ಟಿಲ ಹಾಗೆ, ಎಲ್ಲಿ ನಿಂತು ಎಲ್ಲಿ ಓಡಬೇಕೆಂದು ಕಾಲಿಗೇ ಗೊತ್ತಿರುತ್ತದೆ. ಮೊದಲ ದಿನ ಅವಳದ್ದೂ ಹಾಗೇ ಕೇಳಿಸಿತ್ತು. ಆಮೇಲಿನ ದಿನಗಳಲ್ಲಿ ಒಂದೊಂದು ಸಲ ಒಂದೊಂದು ನಡೆ. ಇವತ್ತೂ ಟಪ್ ಟಪ್ ಎಂದು ಮನಸ್ಸಿಗೆ ಬಂದಲ್ಲಿ ಕುಟ್ಟಿದ ಸದ್ದು.

"ನೋಡಿ, ಮತ್ತೆ ತಪ್ಪು ಅಂತಿದೆ."

"ಹೊಡೀತಿರೋದು ನಿಮ್ಮ ಪಾಸ್‌ವರ್ಡ್ ಅಲ್ಲ" ಎಂದ ಗೋಡೆಗೇ. ದನಿ ಬಹಳ ಮೆತ್ತಗಿತ್ತು. "ಮೂರು ದಿನದಿಂದ ಅಲ್ಲ."

ಯಂತ್ರದ ಮೇಲಿದ್ದ ಬಟ್ಟೆ ಜಾರಿ ನೆಲಕ್ಕೆ ಬಿತ್ತು. ಯಾರೂ ಎತ್ತಲಿಲ್ಲ.

"ಗೊತ್ತಿದ್ದೂ ದಿನಾ ಬಂದ್ರಾ?"

"ಬಂದೆ."

ಆಮೇಲೆ ಅವಳೆಂದಳು: "ನೀವೇ ಒಂದು ಮಾತು ಹೇಳಿಬಿಡಿ. ಸಿಸ್ಟಂ ಕೆಟ್ಟಿದೆ, ಈ ವರ್ಷ ಆಗಲ್ಲ ಅಂತ. ನಾನೇ ಬೇಡ ಅಂದೆ ಅನ್ನೋ ಪಾಪ ನನಗೆ ಬೇಡ. ನೀವು ಹೇಳಿದ್ರೆ ನಂಬ್ತೀನಿ. ಅಕ್ಕನಿಗೂ ಹಾಗೇ ಹೇಳ್ತೀನಿ. ಸೋಮವಾರ ಮತ್ತೆ ಫೋನ್ ಮಾಡ್ತೀನಿ, ನೀವು ಮತ್ತೆ ರಸ್ತೆ ದಾಟಿ ಬನ್ನಿ."

ಒಂದೇ ಮಾತು. ಯಾರೂ ಪರೀಕ್ಷಿಸುವವರಿರಲಿಲ್ಲ. ಅವನ ನಾಲಗೆಯ ತುದಿಗೆ ಬಂದು ಕೂತಿತ್ತು ಅದು. ದೇವರೇ, ಇಷ್ಟು ಸುಲಭ ಯಾಕೆ ಮಾಡಿದೆ, ಎಂದುಕೊಂಡ.

"ಇಲ್ಲಾಂದ್ರೆ ನೀವೇ ಬಂದುಬಿಡಿ ಆ ಊರಿಗೆ" ಎಂದಳು.

"ಅಪ್ಪನಿಗೆ ಆ ಮನೆ ಕೈಯಲ್ಲಿ ಗೊತ್ತು. ಯಾವ ಗೋಡೆ ಎಲ್ಲಿ, ನೀರಿನ ಕೊಡ ಎಲ್ಲಿ, ಅಮ್ಮ ಕೂರ್ತಿದ್ದ ಜಾಗ ಯಾವುದು. ಬೇರೆ ಮನೆಗೆ ಕರೆದೊಯ್ದರೆ ಈ ವಯಸ್ಸಲ್ಲಿ ಇನ್ನೊಂದು ಸಲ ಕುರುಡಾಗ್ತಾರೆ."

ಅವಳು ಹೂಂ ಅಂದಳು. ಅಂಥ ಮಾತು ಅರ್ಥವಾಗುವವಳೇ ಆದ್ದರಿಂದಲ್ಲವೇ ಅವನು ಅವಳನ್ನು ಹಚ್ಚಿಕೊಂಡದ್ದು.

"ಸಿಸ್ಟಂ ಸರಿಯಾಗಿದೆ" ಎಂದ. "ಅಕ್ಕನ ಕೂದಲು ಮತ್ತೆ ಬೆಳೆಯುತ್ತೆ. ಬಾಚೋಕೆ ಯಾರಾದ್ರೂ ಬೇಕಲ್ಲ."

ಹಿಂದೆ ಒಂದು ಉಸಿರು ತಡೆದು ಬಿಟ್ಟ ಸದ್ದು. ಆಮೇಲೆ ಬೆರಳುಗಳು ಎದ್ದವು. ನಿಧಾನಕ್ಕೆ ಶುರುವಾಗಿ, ನಡುವೆ ಓಡಿ, ಕೊನೆಗೆ ಒಂದು ಕ್ಷಣ ನಿಂತು, ಮುಗಿಯಿತು. ಎಲ್ಲೂ ತಡವರಿಸದ ಅವಳದ್ದೇ ನಡೆ. ಅದನ್ನು ಅವನು ಕಿವಿಯಲ್ಲಿ ಜೋಪಾನವಾಗಿ ಇಟ್ಟುಕೊಂಡ. ಕೋಡ್ ಹೋಯಿತು. ಫಾರಂ ಹೋಯಿತು.

"ಆಯ್ತು. ತಿರುಗಿ, ಬೀಗದವರೇ."

"ಒಂದು ನಿಮಿಷ" ಎಂದ. ದಾರದ ಉಂಡೆಗಳೆಲ್ಲ ಕಲಸಿಹೋಗಿ ಒಂದೇ ಬಿಳಿಯಾಗಿ ಕಾಣುತ್ತಿದ್ದವು.

ಅವಳಿಗೆ ತಿಳಿಯಿತು. ಎದ್ದು ಬಂದು ಅವನ ಬೆನ್ನ ಹಿಂದೆ ನಿಂತಳು. ಮುಟ್ಟಲಿಲ್ಲ.

"ನನ್ನ ಪಾಸ್‌ವರ್ಡ್ ಏನು ಅಂತ ಕೇಳಲ್ವಾ?"

"ಕೇಳಬಾರದು."

"ಕೇಳಿದ್ರೆ ಹೇಳ್ತಿದ್ದೆ. ನಿಮಗೊಬ್ಬರಿಗೇ."

ವರ್ಗಾವಣೆಯ ಆದೇಶ ಬಂತು. ಅವಳ ಖಾತೆಯನ್ನು ಆ ಊರಿನ ಶಾಖೆಗೆ ಅವನೇ ಕಳಿಸಿಕೊಟ್ಟ. ಇನ್ನು ಬೀಗ ಬಿದ್ದರೆ ಅಲ್ಲಿ ಯಾರೋ ತೆಗೆಯುತ್ತಾರೆ. ಅವರೂ ಗೋಡೆ ಕಡೆ ತಿರುಗಲಿ ಎಂದು ಬೇಡಿಕೊಂಡ.

ಅವಳು ರೈಲು ಹತ್ತಿದ ದಿನ ಮನೆಗೆ ಬಂದಾಗ ಅಪ್ಪ ಬಾಗಿಲ ಬಳಿಯೇ ಕೂತಿದ್ದರು.

"ಯಾರದು?" ಎಂದು ಕೇಳಿದರು.

ಅವನ ಹೆಜ್ಜೆಗೆ ಅಪ್ಪ ಈ ಪ್ರಶ್ನೆ ಎಂದೂ ಕೇಳಿರಲಿಲ್ಲ.

"ನಾನೇ ಅಪ್ಪಾ" ಎಂದ.